ಎಳೀರಿ ಜೋನ್ಸ್ ತೆಗೆದ ಕಾವಲುಗಾರ ಕಲ್ಲಿನ ಫೋಟೊ

ನಮ್ಮ ಕುಮ್‌ಡೆರುವಿನಲ್ಲಿ ಜೋನ್ಸ್ ಎಂಬ ಹೆಸರಿನ ಮನೆಗಳು ಹನ್ನೊಂದು. ವೇಲ್ಸ್ ಸೀಮೆಯ ಯಾವ ಕಣಿವೆಗೆ ಹೋದರೂ ಇದೇ ಕಥೆ, ನಮ್ಮಲ್ಲಿ ಸ್ವಲ್ಪ ಜಾಸ್ತಿ. ಬರೀ ಹೆಸರು ಹಿಡಿದು ಕರೆದರೆ ಜ್ವರ ಬಂದ ಜೋನ್ಸ್ ಮನೆಗೆ ದನದ ಡಾಕ್ಟರು, ದನ ಮಲಗಿದ ಜೋನ್ಸ್ ಮನೆಗೆ ಪಾದ್ರಿಗಳು ಬಂದು ನಿಲ್ಲುತ್ತಾರೆ. ಆದ್ದರಿಂದ ಊರು ತಾನೇ ಒಂದು ಏರ್ಪಾಡು ಮಾಡಿಕೊಂಡಿದೆ. ಬ್ರೆಡ್ ಬೇಯಿಸುವವನು ಬ್ರೆಡ್ ಜೋನ್ಸ್. ಹೆಣದ ಪೆಟ್ಟಿಗೆ ಮಾಡುವವನು ಪೆಟ್ಟಿಗೆ ಜೋನ್ಸ್. ಈ ಹೆಸರುಗಳನ್ನು ಯಾರೂ ಅರ್ಜಿ ಹಾಕಿ ಪಡೆಯುವಂತಿಲ್ಲ, ಬೇಡವೆಂದು ಹಿಂದಿರುಗಿಸುವಂತೆಯೂ ಇಲ್ಲ.

ನಮ್ಮ ಎಮ್ಲಿನ್‌ಗೆ ಊರು ಕೊಟ್ಟ ಹೆಸರು ಎಳೀರಿ ಜೋನ್ಸ್.

ನಲವತ್ತು ವರ್ಷದ ಹಿಂದೆ, ಇಪ್ಪತ್ತಮೂರರ ಹುಡುಗನಾಗಿದ್ದಾಗ, ಎಮ್ಲಿನ್ ಒಂದು ಕುರಿ ಫಾರಂನಲ್ಲಿ ಆಳಾಗಿದ್ದ. ಕುರಿಗಳು ಈಯುವ ಕಾಲ. ಮೂರು ರಾತ್ರಿ ರೆಪ್ಪೆ ಮುಚ್ಚದೆ ಮರಿ ಹೊರತೆಗೆದು, ನಾಲ್ಕನೆಯ ದಿನ ಭಾನುವಾರ ಚಾಪೆಲ್‌ಗೆ ಬಂದು ಕೂತ. ಅಂದು ಬ್ಯಾಂಕ್ ಮ್ಯಾನೇಜರರ ಮಗುವಿನ ನಾಮಕರಣ. ಪಾದ್ರಿಗಳು ಮಗುವನ್ನು ಬಿಳಿ ಬಟ್ಟೆಯಿಂದ ಬಿಡಿಸಿ ನೀರಿನ ಬೋಗುಣಿಯ ಮೇಲೆ ಹಿಡಿದಿದ್ದಾರೆ, ಚಾಪೆಲ್ ಪೂರಾ ಉಸಿರು ಬಿಗಿಹಿಡಿದಿದೆ. ಆಗ ಹಿಂದಿನ ಬೆಂಚಿನಿಂದ ನಿದ್ದೆಗಣ್ಣಿನ ಕೂಗು ಬಂತು: "ತಲೆ ಬಂತು, ತಲೆ ಬಂತು! ಎಳೀರಿ!"

ಮಗು ಬೆಚ್ಚಿ ಅತ್ತಿತು. ಬ್ಯಾಂಕ್ ಮ್ಯಾನೇಜರರ ಹೆಂಡತಿ ಗಂಡನಿಗೆ ಬೇರೆ ಊರಿಗೆ ವರ್ಗ ಮಾಡಿಸಿದರು. ಎಮ್ಲಿನ್ ಮಾತ್ರ ಎಳೀರಿ ಜೋನ್ಸ್ ಆಗಿ ಇಲ್ಲೇ ಉಳಿದ. ಮುಂದೆ ಅವನು ಮೇವಿನ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ, ಚಾಪೆಲ್‌ನಲ್ಲಿ ಹಾಡಿದ, ಎರಡು ಸಲ ಊರಿನ ಬಾವಿಗೆ ಬಿದ್ದ ನಾಯಿಗಳನ್ನು ಎತ್ತಿದ. ಊರು ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇಷ್ಟು ವರ್ಷ ಅವನು ಸಹಿಸಿಕೊಂಡಿದ್ದ. ಆದರೆ ಹೋದ ಅಕ್ಟೋಬರ್‌ನಲ್ಲಿ ಮುದುಕ ಸೈಕಲ್ ಜೋನ್ಸ್ ತೀರಿಕೊಂಡ. ಗೋರಿಯ ಮೇಲೆ ಕಲ್ಲು ನಿಲ್ಲಿಸಿದ ದಿನ ಎಮ್ಲಿನ್ ಹತ್ತಿರ ಹೋಗಿ ಓದಿದ. ಅಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ "ಜಾನ್ ಸೈಕಲ್ ಜೋನ್ಸ್" ಎಂದೇ ಕೆತ್ತಿತ್ತು. ಮನೆಗೆ ಓಡಿದ.

"ಓಲ್ವೆನ್! ನಾನು ಸತ್ತ ಮೇಲೆ ಕಲ್ಲಿನ ಮೇಲೆ ಏನು ಬರೆಸ್ತೀಯ?"

"ಮೊದಲು ಕಾಲು ಒರೆಸ್ಕೊಂಡು ಒಳಗೆ ಬಾ. ಆಮೇಲೆ ಸಾಯುವೆಯಂತೆ," ಎಂದಳು ಹೆಂಡತಿ.

"ತಮಾಷೆ ಅಲ್ಲ ಕಣೇ. ಎಳೀರಿ ಅಂತ ಕೆತ್ತುತಾರೆ! ಗೋರಿ ಮೇಲೆ! ಓದಿದೋರು ಏನು ಮಾಡ್ತಾರೆ ಹೇಳು?"

ಓಲ್ವೆನ್ ಕಾಲೊರೆಸುವ ಬಟ್ಟೆ ಅವನತ್ತ ಎಸೆದಳು. "ಒಂದಿಬ್ಬರು ಎಳೆದೂ ನೋಡಬಹುದು," ಎಂದಳು.

ಅಂದು ರಾತ್ರಿ ಎಮ್ಲಿನ್ ಊಟ ಮಾಡಲಿಲ್ಲ. ಅವನಿಗೆ ಅರವತ್ತಮೂರು. ಸಾಯುವುದರೊಳಗೆ ಬೇರೆ ಹೆಸರು ಗಳಿಸಲೇಬೇಕು. ಅದಕ್ಕೆ ಒಂದೇ ದಾರಿ, ಊರಿನ ಕಣ್ಣು ಕುಕ್ಕುವಂಥ ಏನಾದರೊಂದು ಮಾಡಬೇಕು. ಮತ್ತು ಹೊಸ ಹೆಸರು ಪೆಟ್ಟಿಗೆ ಜೋನ್ಸ್ ಬಾಯಿಂದ ಬರಬೇಕು. ಪೆಟ್ಟಿಗೆಯ ಮೇಲಿನ ಹಿತ್ತಾಳೆ ಫಲಕಕ್ಕೂ ಗೋರಿಯ ಕಲ್ಲಿಗೂ ಹೆಸರು ಬರೆದುಕೊಡುವವನು ಅವನೇ ಆದ್ದರಿಂದ, ಅವನು ಕರೆದದ್ದು ಮಾತ್ರ ಊರಿನಲ್ಲಿ ಖಾಯಂ.

ಅವಕಾಶ ತಾನಾಗಿ ಬಂತು. ಊರಿನ ಸಭಾಭವನಕ್ಕೆ ಹೊಸ ಸುಣ್ಣ ಬಳಿದಿದ್ದರು. ಎದುರು ಗೋಡೆ ಬೋಳಾಗಿ ಕಾಣುತ್ತಿತ್ತು. ಅಂಚೆ ಕಚೇರಿಯ ಐರ್ಲಿಸ್ ಅಮ್ಮ, ಭವನದ ಸಮಿತಿಗೆ ಅಧ್ಯಕ್ಷೆ, ಎದ್ದು ನಿಂತು ಹೇಳಿದಳು: "ಅಲ್ಲಿ ನಮ್ಮ ಕಾವಲುಗಾರ ಕಲ್ಲಿನ ಫೋಟೊ ಇರ್ಬೇಕು. ಹಿಮ ಬಿದ್ದಾಗ ತೆಗೆದಿದ್ದು. ಬೇಸಿಗೇಲಿ ಯಾರು ಬೇಕಾದ್ರೂ ತೆಗೀತಾರೆ."

ಸಭೆ ತಲೆದೂಗಿತು. ಕಾವಲುಗಾರ ಎಂದರೆ ಊರಿನ ಮೇಲಿನ ಬೆಟ್ಟದಲ್ಲಿ, ಮೂರು ಮೈಲು ಜೌಗು ದಾಟಿದ ಮೇಲೆ ಒಂಟಿಯಾಗಿ ನಿಂತಿರುವ ಕಲ್ಲು. ಐದು ಸಾವಿರ ವರ್ಷದ್ದು ಎನ್ನುತ್ತಾರೆ. ನಮ್ಮೂರಿನವರಿಗೆ ಅದೆಂದರೆ ಪ್ರಾಣ. ಪಾದ್ರಿ ಅನೈರಿನ್ ಅವರು ಅದರ ಮೇಲೆ ಮೂರು ಪ್ರವಚನ ಕೊಟ್ಟಿದ್ದಾರೆ. ಆದರೆ ಹಿಮದಲ್ಲಿ ಅಲ್ಲಿಗೆ ಹೋಗುವವರು ಯಾರು ಎಂದಾಗ ಎಲ್ಲರಿಗೂ ತಮ್ಮ ತಮ್ಮ ಮೊಣಕಾಲು ನೆನಪಾಯಿತು.

"ನಾನು ಹೋಗ್ತೀನಿ," ಎಂದ ಎಮ್ಲಿನ್. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆ ಕಲ್ಲು ನನಗೆ ನಮ್ಮನೆ ಹೊಸಿಲಿದ್ದ ಹಾಗೆ. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ."

ನಿಜ ಹೇಳಬೇಕೆಂದರೆ ಅವನು ಅಲ್ಲಿಗೆ ಹೋದದ್ದು ಒಂದೇ ಸಲ, ನಾಲ್ಕನೆಯ ವಯಸ್ಸಿನಲ್ಲಿ, ಅಪ್ಪನ ಹೆಗಲ ಮೇಲೆ. ಹೋಗುವಾಗಲೂ ಬರುವಾಗಲೂ ನಿದ್ದೆ ಮಾಡಿದ್ದ. ಇನ್ನು ಅವನ ಫೋಟೊಗಳ ವಿಷಯ. ಭಾವಮೈದುನ ಕೊಟ್ಟ ಹಳೆಯ ಕ್ಯಾಮೆರಾದಲ್ಲಿ ಆರು ವರ್ಷದಿಂದ ತೆಗೆದ ಫೋಟೊಗಳಲ್ಲಿ ಅತಿ ಸ್ಪಷ್ಟವಾಗಿ ಬಂದದ್ದು ಅವನ ಹೆಬ್ಬೆರಳು.

ನವೆಂಬರ್ ಕೊನೆಯಲ್ಲಿ ಹಿಮ ಬಿತ್ತು. ಓಲ್ವೆನ್ ಎರಡು ಜೊತೆ ಉಣ್ಣೆಯ ಕಾಲುಚೀಲ ತೊಡಿಸಿ, ಫ್ಲಾಸ್ಕಿನಲ್ಲಿ ಟೀ, ಬೆಣ್ಣೆ ಸವರಿದ ದ್ರಾಕ್ಷಿ ಬ್ರೆಡ್ ಕಟ್ಟಿಕೊಟ್ಟಳು. ಬೆಳಿಗ್ಗೆ ಎಂಟಕ್ಕೆ ಎಮ್ಲಿನ್ ಹೊರಟ. ಒಂಬತ್ತಕ್ಕೆ ಮಂಜು ಇಳಿಯಿತು. ಮುರಿದ ಗೋಡೆಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ತಿರುಗಿದ, ಹಳ್ಳಕ್ಕೆ ಇಳಿದ. ಹತ್ತಿ ಬಂದು ಮುಳ್ಳುಮರದ ಬಳಿ ಮತ್ತೆ ತಪ್ಪಿದ. ಹುಲ್ಲಿದೆಯೆಂದು ನಂಬಿ ಕಾಲಿಟ್ಟಲ್ಲಿ ಹುಲ್ಲಿರಲಿಲ್ಲ, ಸೊಂಟದವರೆಗೆ ಜೌಗಿತ್ತು. ಒಂದು ಬೂಟು ಅಲ್ಲೇ ಉಳಿಯುವುದರಲ್ಲಿತ್ತು, ಜಗಳವಾಡಿ ಬಿಡಿಸಿಕೊಂಡ. ಹನ್ನೆರಡರ ಹೊತ್ತಿಗೆ ಮೇಲು ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದಾಯಿತು.

ಒಂದು ಗಂಟೆಗೆ, ಕೂತು ಅತ್ತುಬಿಡೋಣ ಎನ್ನುವ ಹೊತ್ತಿಗೆ, ಮಂಜಿನೊಳಗಿಂದ ಅದು ಎದ್ದು ಬಂತು. ಆಳೆತ್ತರಕ್ಕಿಂತ ಎತ್ತರ. ಒಂದು ಮೈಗೆಲ್ಲ ಹಿಮ ಮೆತ್ತಿ, ಇನ್ನೊಂದು ಮೈ ಕಪ್ಪಗೆ. ಹಿಂದೆ ತೆಳ್ಳಗೆ ಒಂದು ಹೊಗೆಯಂಥ ಮಂಜು ಮೇಲೇರುತ್ತಿತ್ತು. ಎಮ್ಲಿನ್ ಟೋಪಿ ತೆಗೆದು ಕೈಮುಗಿಯುವುದೊಂದು ಬಾಕಿ. ಒಂದೇ ಒಂದು ಫೋಟೊ ತೆಗೆದ, ಬ್ಯಾಟರಿ ಸತ್ತಿತು.

ಹೋಗಲು ಐದು ಗಂಟೆ ಹಿಡಿದಿತ್ತು. ಬರಲು ಹತ್ತು ನಿಮಿಷ. ಇಳಿಜಾರು ಎಂದರೆ ಇಳಿಜಾರೇ ಎಂದು ಅವನು ಖುಷಿಪಟ್ಟುಕೊಂಡ.

ಫೋಟೊ ನೋಡಲು ಸಭಾಭವನದಲ್ಲಿ ಊರು ಮುಗಿಬಿತ್ತು. ಹೆಬ್ಬೆರಳು ಇರಲಿಲ್ಲ. ಮಂಜು, ಹಿಮ, ಆ ಒಂಟಿ ಕಲ್ಲು!

"ಅದೇ! ಅದೇ ನಮ್ಮ ಕಾವಲುಗಾರ!" ಐರ್ಲಿಸ್ ಕಣ್ಣೊರೆಸಿಕೊಂಡಳು. "ನಾನು ಚಿಕ್ಕೋಳಿದ್ದಾಗ ನೋಡ್ದಾಗ ಹೀಗೇ ಇತ್ತು. ಒಂದು ಕೂದಲೂ ಬದಲಾಗಿಲ್ಲ."

"ಹಿಂದೆ ಆ ಧೂಮ ನೋಡಿ," ಎಂದರು ಪಾದ್ರಿಗಳು. "ಸ್ವರ್ಗಕ್ಕೆ ಏರ್ತಾ ಇದೆ. ನಾಲ್ಕನೇ ಪ್ರವಚನಕ್ಕೆ ಇಷ್ಟೇ ಸಾಕು."

"ಇನ್ಮೇಲೆ ನಿನ್ನನ್ನ ಕ್ಯಾಮೆರಾ ಜೋನ್ಸ್ ಅನ್ಬೇಕಪ್ಪ," ಎಂದಳು ಐರ್ಲಿಸ್.

ಎಮ್ಲಿನ್ ಕಿವಿಯಲ್ಲಿ ಗಂಟೆ ಬಾರಿಸಿದಂತಾಯಿತು. ಪೆಟ್ಟಿಗೆ ಜೋನ್ಸ್ ಕಡೆ ತಿರುಗಿದ. ಆತ ಪೈಪು ಬಾಯಿಂದ ತೆಗೆದು, "ಹೂಂ. ನೋಡೋಣ," ಎಂದು ಮತ್ತೆ ಇಟ್ಟುಕೊಂಡ. ಆ ವಾರವಿಡೀ ಎಮ್ಲಿನ್ ಅಂಗಡಿಗೆ ಹೋದರೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಹೋದ.

ಜಿಲ್ಲೆಯ ಪತ್ರಿಕೆ ಫೋಟೊ ಅಚ್ಚು ಹಾಕಿತು. ಜನವರಿಯಲ್ಲಿ ನಗರದ ಪುರಾತನ ಸ್ಮಾರಕಗಳ ಕಚೇರಿಯಿಂದ ಐರ್ಲಿಸ್ ಹೆಸರಿಗೆ ಪತ್ರ ಬಂತು. ಡಾಕ್ಟರ್ ಟೆಗ್ವೆನ್ ಮೋರಿಸ್ ಎಂಬ ಅಧಿಕಾರಿ ಬರೆದಿದ್ದರು: ಚಿತ್ರದಲ್ಲಿರುವ ಕಲ್ಲಿಗೂ ನಮ್ಮ ದಾಖಲೆಯಲ್ಲಿರುವ ಕಾವಲುಗಾರನಿಗೂ ಎತ್ತರದಲ್ಲಿ ತಾಳೆಯಾಗುವುದಿಲ್ಲ. ಇದು ಇದುವರೆಗೆ ಯಾರ ಕಣ್ಣಿಗೂ ಬೀಳದ ಬೇರೆ ಕಲ್ಲಿರಬಹುದು. ಬರುವ ಗುರುವಾರ ಪರೀಕ್ಷೆಗೆ ಬರುತ್ತೇನೆ.

ಊರು ಕುಣಿದಾಡಿತು. ಹೊಸ ಕಲ್ಲು! ಎಮ್ಲಿನ್ ಕಂಡುಹಿಡಿದ ಕಲ್ಲು! ಬ್ರೆಡ್ ಜೋನ್ಸ್ ಕಲ್ಲಿನ ಆಕಾರದ ಬನ್ನು ಮಾಡಿ ಮಾರಿದ. ಎಮ್ಲಿನ್‌ಗೆ ಮಾತ್ರ ಒಂದೇ ಚಿಂತೆ, ಅಲ್ಲಿಗೆ ಅಧಿಕಾರಿಯನ್ನು ಕರೆದೊಯ್ಯುವ ದಾರಿ ಯಾವುದು?

ಆ ಚಿಂತೆ ಬುಧವಾರ ಸಂಜೆ ಪರಿಹಾರವಾಯಿತು. ಪಕ್ಕದ ಫಾರಂನ ಟ್ವಮ್ ಪ್ಯೂ, ಎಮ್ಲಿನ್‌ನ ಬಾಲ್ಯದ ಗೆಳೆಯ, ಬಂದು ಅಡುಗೆಮನೆಯಲ್ಲಿ ಕೂತ. ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಲೋ ಎಮ್ಲಿನ್. ಆ ಕಲ್ಲು ನಂದು ಕಣೋ."

"ಏನಂದೆ?"

"ನಮ್ಮ ಹಿಂದಿನ ಹೊಲದ್ದು. ಎಂಬತ್ತೇಳನೇ ಇಸವೀಲಿ ನಾನೇ ಟ್ರ್ಯಾಕ್ಟರಲ್ಲಿ ಎಳ್ಕೊಂಡು ಬಂದು ನೆಟ್ಟಿದ್ದು. ನಮ್ಮ ಸ್ಯಾಮ್ಸನ್ ಗೂಳಿಗೆ ಮೈ ತುರಿಸ್ಕೊಳೋಕೆ. ಬೇಲಿ ಕಂಬಕ್ಕೆಲ್ಲ ಉಜ್ಜಿ ಮುರೀತಿತ್ತಲ್ಲ, ಅದಕ್ಕೆ."

ಎಮ್ಲಿನ್ ನಕ್ಕ. ಆಮೇಲೆ ನಗು ತಾನಾಗಿ ಆರಿತು. "ನಿಮ್ಮ ಹಿಂದಿನ ಹೊಲ ಅಂದ್ರೆ ನಮ್ಮ ಹಿತ್ತಿಲ ಆಚೆಗೆ."

"ಮುನ್ನೂರು ಗಜ. ಹಿಂದೆ ಹೊಗೆ ಕಾಣ್ತದಲ್ಲ, ಅದು ನಿಮ್ಮನೆ ಚಿಮಣಿದು."

"ಅವತ್ತು ಕುರಿ ಮಾಂಸದ ಸಾರು ಇಟ್ಟಿದ್ದೆ," ಎಂದಳು ಓಲ್ವೆನ್ ಒಲೆಯ ಹತ್ತಿರದಿಂದ. "ಪಾದ್ರಿಗಳು ಸ್ವರ್ಗದ ಧೂಮ ಅಂದಾಗ್ಲೇ ನನಗೆ ಅನುಮಾನ ಬಂತು."

ದಿನವೂ ನೋಡುವ ವಸ್ತುವನ್ನು ಯಾರು ನೋಡುತ್ತಾರೆ? ಅದರಲ್ಲೂ ಸ್ಯಾಮ್ಸನ್ ಕಾಲ ಮುಗಿದ ಮೇಲೂ ದಿನವೂ ಅದಕ್ಕೆ ಒಂದಲ್ಲ ಒಂದು ಗೂಳಿ ಅಂಟಿಕೊಂಡಿರುವಾಗ? ಎಮ್ಲಿನ್ ತಲೆ ಹಿಡಿದುಕೊಂಡು ಕೂತ. ಇದು ಹೊರಬಿದ್ದರೆ ಕ್ಯಾಮೆರಾ ಜೋನ್ಸ್ ಗತಿ ಏನು? ಗೂಳಿ ತುರಿಕೆ ಜೋನ್ಸ್! ಅದಕ್ಕಿಂತ ಎಳೀರಿ ಎಷ್ಟೋ ವಾಸಿ.

ಟ್ವಮ್ ಎದ್ದು ಹೆಗಲ ಮೇಲೆ ಕೈಯಿಟ್ಟ. "ನೀನು ಎಷ್ಟು ವರ್ಷ ಆ ಹೆಸರು ಹೊತ್ಕೊಂಡು ತಿರುಗಿದೀಯ ಅಂತ ನನಗೆ ಗೊತ್ತು. ನನ್ನ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ. ಕಲ್ಲು ಐದು ಸಾವಿರ ವರ್ಷದ್ದೇ ಇರ್ಲಿ ಬಿಡು."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಕಾಶ ತೊಳೆದಿಟ್ಟಂತಿತ್ತು. ನೆಲದ ಮೇಲೆ ಮಾತ್ರ ಹಿಮ. ಡಾಕ್ಟರ್ ಟೆಗ್ವೆನ್ ಅಳತೆ ಟೇಪು, ನಕ್ಷೆ, ದಪ್ಪ ಬೂಟುಗಳೊಡನೆ ಬಂದಿಳಿದರು. ಕಲ್ಲು ಟ್ವಮ್ ಹೊಲದಲ್ಲಿದೆ ಎಂದು ಎಮ್ಲಿನ್ ಹೇಳಿದಾಗ ಯಾರೂ ಮಿಕಿಮಿಕಿ ನೋಡಲಿಲ್ಲ. ಹೊಸ ಕಲ್ಲು ಎಲ್ಲಿ ಬೇಕಾದರೂ ಇರಬಹುದಲ್ಲ. ಊರೇ ಹಿಂದೆ ಬಂತು.

ಅಧಿಕಾರಿ ಮಂಡಿಯೂರಿ ಕಲ್ಲಿನ ಮೈ ಸವರಿದರು. "ಆಶ್ಚರ್ಯ. ಸೊಂಟದೆತ್ತರಕ್ಕೆ ಸುತ್ತಲೂ ನುಣುಪಾಗಿದೆ. ಬಹಳ ಕಾಲ ಏನೋ ಉಜ್ಜಿರಬೇಕು."

"ನಮ್ಮ ಪೂರ್ವಜರ ಹಸ್ತ!" ಎಂದರು ಪಾದ್ರಿ ಅನೈರಿನ್. ಅಷ್ಟಕ್ಕೇ ಬಿಡದೆ ಬಗ್ಗಿ, ಕನ್ನಡಕ ತೆಗೆದು, ಆ ನುಣುಪಿಗೆ ತಮ್ಮ ಕೆನ್ನೆ ಒತ್ತಿ ಕಣ್ಣು ಮುಚ್ಚಿದರು. ಐರ್ಲಿಸ್ ಇನ್ನೊಂದು ಕಡೆಯಿಂದ ತನ್ನ ಕೆನ್ನೆ ಒತ್ತಿದಳು.

"ಬಿರುಕಲ್ಲಿ ಕೆಂಚು ಕೂದಲಿದೆ," ಎಂದರು ಅಧಿಕಾರಿ. "ಯಾವುದೋ ಪ್ರಾಣಿದು."

"ಬಲಿ ಕೊಟ್ಟಿದ್ದಾರೆ!" ಪಾದ್ರಿಗಳು ಕೆನ್ನೆ ತೆಗೆಯದೆ ಕೂಗಿದರು.

ಎಮ್ಲಿನ್ ಬೂಟಿನ ತುದಿ ನೋಡುತ್ತ ನಿಂತಿದ್ದ. ಡಾಕ್ಟರ್ ಟೆಗ್ವೆನ್ ಎದ್ದು ಕೈ ಕೊಡವಿದರು. "ನೋಡಿ, ನಾನು ಈಗಲೇ ಏನೂ ಹೇಳಲ್ಲ. ತಜ್ಞರು ಬರಬೇಕು, ಅಗೆದು ನೋಡಬೇಕು. ಎರಡು ಮೂರು ವರ್ಷ ಆಗಬಹುದು. ಅಲ್ಲೀವರೆಗೂ ಸುತ್ತ ಬೇಲಿ ಹಾಕ್ತೀವಿ. ಈ ಹೊಲಕ್ಕೆ ದನ, ಕುರಿ ಬಿಡೋ ಹಾಗಿಲ್ಲ. ಹೊಲ ಯಾರದು?"

ಟ್ವಮ್ ಮುಖದಲ್ಲಿ ರಕ್ತ ಉಳಿಯಲಿಲ್ಲ. ಅವನ ಜಮೀನೆಲ್ಲ ಕಡಿದಾದ ಇಳಿಜಾರು. ಚಳಿಗಾಲದಲ್ಲಿ ದನ ನಿಲ್ಲಿಸಲು ಇದ್ದದ್ದು ಇದೊಂದೇ ಮಟ್ಟಸವಾದ ಹೊಲ. ಇದು ಊರಿಗೆಲ್ಲ ಗೊತ್ತು.

"ನಂದು ಮೇಡಂ," ಎಂದ ಟ್ವಮ್. ಎಮ್ಲಿನ್ ಕಡೆ ನೋಡಲಿಲ್ಲ. "ಆಗ್ಲಿ. ಬೇಲಿ ಹಾಕ್ಕೊಳ್ಳಿ."

ಎಮ್ಲಿನ್ ಗೆಳೆಯನ ಮುಖ ನೋಡಿದ. ತನ್ನ ಗೋರಿಯ ಮೇಲಿನ ಮೂರಕ್ಷರ ಅಳಿಸಲು ಈ ಮನುಷ್ಯ ತನ್ನ ದನದ ಮೇವನ್ನೇ ಬಿಟ್ಟುಕೊಡುತ್ತಿದ್ದಾನೆ. ಇಂಥ ಗೆಳೆಯನಿರುವಾಗ ಗೋರಿಯ ಮೇಲೆ ಏನಿದ್ದರೇನು?

"ಪಾದ್ರಿಗಳೇ," ಎಂದ ಎಮ್ಲಿನ್, "ದಯವಿಟ್ಟು ಕೆನ್ನೆ ತೆಗೀರಿ."

"ಯಾಕಪ್ಪ?"

"ಅಲ್ಲಿ ಸ್ಯಾಮ್ಸನ್ ಬೆನ್ನು ಉಜ್ತಿದ್ದ."

"ಯಾವ ಸ್ಯಾಮ್ಸನ್? ಬೈಬಲ್ಲಿನವನೇ?"

"ಟ್ವಮ್ ಗೂಳಿ. ಇದು ಅವನ ತುರಿಕೆ ಕಲ್ಲು. ಟ್ವಮ್ಮೇ ನೆಟ್ಟಿದ್ದು. ನಾನು ಕಾವಲುಗಾರನ ಹತ್ರ ಹೋಗಲೇ ಇಲ್ಲ, ಮಂಜಲ್ಲಿ ಐದು ಗಂಟೆ ದಾರಿ ತಪ್ಪಿ ತಪ್ಪಿ ನಮ್ಮನೆ ಹಿಂದಕ್ಕೇ ಬಂದಿದೀನಿ. ಮತ್ತೆ, ಬೆನ್ನು ಅಂದಿದ್ದು ತಮ್ಮ ಮರ್ಯಾದೆಗೆ."

ಪಾದ್ರಿಗಳು ಕರವಸ್ತ್ರ ಹುಡುಕತೊಡಗಿದರು. ನಗು ಮೊದಲು ಬ್ರೆಡ್ ಜೋನ್ಸ್‌ಗೆ ಬಂತು, ಆಮೇಲೆ ಎಲ್ಲರಿಗೂ. ಹಿಮದಲ್ಲಿ ಕೂತು ನಕ್ಕರು, ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಎಮ್ಲಿನ್ ನಡುವೆ ನಿಂತು, ಕೆಂಪಗಾಗಿ, ಮುಂದಿನ ಹೆಸರಿಗಾಗಿ ಕಾಯುತ್ತಿದ್ದ.

ಡಾಕ್ಟರ್ ಟೆಗ್ವೆನ್ ಕೂಡ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, ಬಹಳ ಸರಳವಾಗಿ ಒಂದು ಪ್ರಶ್ನೆ ಕೇಳಿದರು: "ಅಲ್ಲಾ, ಇಷ್ಟು ಜನ ಫೋಟೊ ನೋಡಿದ್ರಲ್ಲ, ಇದು ಕಾವಲುಗಾರ ಅಲ್ಲ ಅಂತ ಒಬ್ಬರಿಗೂ ಗೊತ್ತಾಗಲಿಲ್ವಾ?"

ನಲ್ಲಿ ತಿರುಗಿಸಿದಂತೆ ನಗು ನಿಂತಿತು. ಎಲ್ಲರೂ ಹಿಮವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಐರ್ಲಿಸ್ ಅಮ್ಮ, ಚಿಕ್ಕೋಳಿದ್ದಾಗ ನೋಡಿದ್ದೆ ಅಂದ್ರಿ?" ಎಂದ ಎಮ್ಲಿನ್.

"ನಮ್ಮಜ್ಜಿ ನೋಡಿದ್ಲು," ಎಂದಳು ಐರ್ಲಿಸ್ ಸಣ್ಣ ದನಿಯಲ್ಲಿ. "ಎಷ್ಟು ಸಲ ಹೇಳಿದ್ಲು ಅಂದ್ರೆ, ನಾನೇ ನೋಡಿದ ಹಾಗಾಗಿತ್ತು."

"ಪಾದ್ರಿಗಳೇ, ತಾವು?"

"ನಾನು ಆಧ್ಯಾತ್ಮಿಕವಾಗಿ ಹೋಗಿದೀನಿ," ಎಂದರು ಪಾದ್ರಿಗಳು.

"ನಮ್ಮ ವ್ಯಾಪಾರಕ್ಕೆ ಬೆಟ್ಟ ಹತ್ತೋ ಅಗತ್ಯ ಬೀಳಲ್ಲ," ಎಂದ ಪೆಟ್ಟಿಗೆ ಜೋನ್ಸ್.

ಒಬ್ಬರೂ ಹೋಗಿರಲಿಲ್ಲ. ಐದು ಸಾವಿರ ವರ್ಷ ಊರನ್ನು ಕಾದ ಕಲ್ಲನ್ನು ಊರಿನಲ್ಲಿ ಬದುಕಿರುವ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಎಮ್ಲಿನ್ ಒಬ್ಬನೇ ಹೋಗಿದ್ದವನು, ಅದೂ ನಿದ್ದೆಯಲ್ಲಿ. ಅವನಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಧೈರ್ಯ ಬಂತು. ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

"ಈಗ ಹೋಗೋಣ ಬನ್ನಿ," ಎಂದ. "ನಾಳೆ ಅಂದ್ರೆ ಮೊಣಕಾಲು ನೋವು ಶುರುವಾಗ್ತದೆ."

"ನಿನಗೆ ದಾರಿ ಗೊತ್ತೇನಯ್ಯ?" ಎಂದ ಪೆಟ್ಟಿಗೆ ಜೋನ್ಸ್.

"ತಪ್ಪು ದಾರಿ ಅಷ್ಟೂ ಗೊತ್ತು."

ಅದು ಜಂಬವಾಗಿರಲಿಲ್ಲ. ಅಧಿಕಾರಿಯ ನಕ್ಷೆ ದಿಕ್ಕು ಹೇಳಿತು, ಎಮ್ಲಿನ್ ಅಪಾಯ ಹೇಳಿದ. ಮುರಿದ ಗೋಡೆಯ ಬಳಿ, "ಎಡಕ್ಕೆ ಬೇಡ, ಹಳ್ಳ ಇದೆ." ಮುಳ್ಳುಮರದ ಬಳಿ, "ಅಲ್ಲಿ ಹುಲ್ಲು ಕಾಣ್ತದಲ್ಲ, ಅದು ಹುಲ್ಲಲ್ಲ, ನನ್ನನ್ನ ಕೇಳಿ." ಎಲ್ಲೆಲ್ಲಿ ತಪ್ಪಬಹುದೋ ಅಲ್ಲೆಲ್ಲ ಅವನು ಆಗಲೇ ತಪ್ಪಿ ಬಂದಿದ್ದ. ನಲವತ್ತಾರು ಮಂದಿ ಒಬ್ಬರ ಹಿಂದೊಬ್ಬರು, ಐರ್ಲಿಸ್ ಹಿಮದ ಮೇಲೆ ಜಾರುವ ಅಂಚೆಯ ಸ್ಲೆಡ್ಜ್ ಬಂಡಿಯಲ್ಲಿ, ಪಾದ್ರಿಗಳು ಟ್ವಮ್ ತೋಳು ಹಿಡಿದು, ಓಲ್ವೆನ್ ಎಲ್ಲರಿಗೂ ಬೈಯುತ್ತ, ಒಂದು ಬೂಟೂ ಕಳೆದುಕೊಳ್ಳದೆ ಬೆಟ್ಟದ ನೆತ್ತಿಗೆ ಬಂದರು.

ಕಾವಲುಗಾರ ಅಲ್ಲಿದ್ದ. ಸ್ಯಾಮ್ಸನ್ ಕಲ್ಲಿನ ಅರ್ಧದಷ್ಟೂ ಇರಲಿಲ್ಲ. ಸೊಂಟದೆತ್ತರ, ಒಂದು ಕಡೆಗೆ ವಾಲಿ, ನೆತ್ತಿಯ ಮೇಲೆ ಹಿಡಿಯಷ್ಟು ಹಿಮ. ಇಷ್ಟೇನಾ ಎಂದು ಯಾರಾದರೂ ಹೇಳುತ್ತಾರೆಂದು ಎಮ್ಲಿನ್ ಕಾದ. ಯಾರೂ ಹೇಳಲಿಲ್ಲ. ಕಲ್ಲಿನ ಪಕ್ಕ ನಿಂತು ಕೆಳಗೆ ನೋಡಿದರೆ ಇಡೀ ಕಣಿವೆ ಬಿಸಿಲಲ್ಲಿ ಹರಡಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಚಿಮಣಿ ಹುಡುಕಿದರು, ಪ್ರತಿಯೊಬ್ಬರಿಗೂ ಸಿಕ್ಕಿತು. ಯಾರೋ, ಎಂದೋ, ಈ ಚಳಿಯಲ್ಲಿ ಇದನ್ನು ಇಲ್ಲಿಗೆ ಎಳೆದು ತಂದದ್ದು ಇದಕ್ಕೇ ಇರಬೇಕು. ಐರ್ಲಿಸ್ ಈ ಸಲ ನಿಜವಾಗಿ ಅತ್ತಳು. ಎಮ್ಲಿನ್‌ಗೂ ಅಳು ಬಂತು, ಅವನು ತಡೆಯಲಿಲ್ಲ.

"ಎಲ್ಲರೂ ಕಲ್ಲಿನ ಹಿಂದೆ ನಿಂತ್ಕೊಳ್ಳಿ," ಎಂದ. ನಿಂತರು. ಅವನು ಹಿಂದಕ್ಕೆ ಹೋದ, ಎಲ್ಲರೂ ಚಿತ್ರದಲ್ಲಿ ಹಿಡಿಸಲಿಲ್ಲ. ಮತ್ತೆ ಹಿಂದಕ್ಕೆ ಹೋದ, ಬಿದ್ದ, ಎದ್ದ. ಗಾಳಿ ಶುರುವಾಯಿತು. ಗುಂಪು ಚಳಿಗೆ ಒತ್ತಿಕೊಂಡು ನಿಂತಿತು.

ಆಗ ಹಿಂದಿನ ಸಾಲಿನಿಂದ ಪೆಟ್ಟಿಗೆ ಜೋನ್ಸ್ ಪೈಪು ತೆಗೆದು ಕೂಗಿದ: "ಏ ಕಲ್ಲು ಜೋನ್ಸ್! ಬೇಗ ತೆಗಿಯೋ ಪುಣ್ಯಾತ್ಮ, ಕಿವಿ ಉದುರೋ ಹಾಗಿದೆ!"

ಯಾರೂ ನಗಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. "ಹೌದು ಕಲ್ಲು ಜೋನ್ಸ್, ನನ್ನ ಟೋಪಿ ನೆಟ್ಟಗಿದೆಯೇನಪ್ಪ?" ಎಂದಳು ಐರ್ಲಿಸ್, ಹುಟ್ಟಿದಾಗಿನಿಂದ ಅವನನ್ನು ಹಾಗೆಯೇ ಕರೆಯುತ್ತಿದ್ದವಳಂತೆ.

ಎಮ್ಲಿನ್ ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದ. ಒಳಗೆ ಎಲ್ಲ ಮಸುಕಾಗಿತ್ತು. ಗಾಜು ಒದ್ದೆಯೋ, ಕಣ್ಣು ಒದ್ದೆಯೋ ತಿಳಿಯಲಿಲ್ಲ. ಪೆಟ್ಟಿಗೆ ಜೋನ್ಸ್ ಯಾವ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಕರೆದನೋ, ಕಾವಲುಗಾರನನ್ನೋ ಸ್ಯಾಮ್ಸನ್ನನದನ್ನೋ, ಅದೂ ತಿಳಿಯಲಿಲ್ಲ.

ಎಮ್ಲಿನ್ ಕೇಳಲಿಲ್ಲ. "ನೆಟ್ಟಗಿದೆ," ಎಂದು ಹೇಳಿ ಗುಂಡಿ ಒತ್ತಿದ.